ಒಂದೇ ಪ್ರತಿ ಉಳಿದ ಕಾವ್ಯಗಳು ಹೇಳುವ ಲೆಕ್ಕ

ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಭಾಷೆಯ 'ಫ್ಲಾಮೆಂಕಾ' 13ನೇ ಶತಮಾನದ ಕಥನಕಾವ್ಯ. ಸುಮಾರು 8,000 ಸಾಲು ಉಳಿದಿದೆ, ಅದೂ ಕಾರ್ಕಸೋನ್ ಊರಿನ ಒಂದೇ ಹಸ್ತಪ್ರತಿಯಲ್ಲಿ. ಮೊದಲ ಹಾಳೆಗಳಿಲ್ಲ, ಕೊನೆಯವೂ ಇಲ್ಲ. ಆ ಪ್ರತಿಯೂ ಬೆಂಕಿಗೋ ಇಲಿಗೋ ಹೋಗಿದ್ದರೆ ಇಷ್ಟು ಚೆಲುವಾದ ಕಥೆ ನಮ್ಮ ಕೈಗೆ ಬರುತ್ತಲೇ ಇರಲಿಲ್ಲ. ಹಾಗೆ ಪೂರ್ತಿ ಅಳಿದುಹೋದವು ಎಷ್ಟಿರಬಹುದು?

ಕಾಡಿನಲ್ಲಿ ಚಿಟ್ಟೆ ಎಣಿಸುವವರದ್ದೂ ಇದೇ ಪ್ರಶ್ನೆ. ಒಂದೇ ಸಲ ಕಣ್ಣಿಗೆ ಬಿದ್ದ ಪ್ರಭೇದಗಳು ಹೆಚ್ಚಿದ್ದಷ್ಟೂ, ಕಣ್ಣಿಗೇ ಬೀಳದವೂ ಹೆಚ್ಚಿರುತ್ತವೆ. ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ 1984ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಕೃತಿಯನ್ನು ಪ್ರಭೇದವೆಂದೂ ಅದರ ಒಂದೊಂದು ಹಸ್ತಪ್ರತಿಯನ್ನು ಒಂದೊಂದು ದರ್ಶನವೆಂದೂ ಹಿಡಿದರೆ ಸೂತ್ರ ಇಲ್ಲಿಗೂ ಹೊಂದುತ್ತದೆ. ಒಂದೇ ಪ್ರತಿಯಿರುವ ಕೃತಿಗಳ ಸಂಖ್ಯೆಯ ವರ್ಗವನ್ನು, ಎರಡು ಪ್ರತಿಯಿರುವ ಕೃತಿಗಳ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಿ. ಮೊದಲನೆಯವು 40, ಎರಡನೆಯವು 20 ಎಂದುಕೊಳ್ಳೋಣ: 1,600 ಭಾಗಿಸು 40, ಅಂದರೆ ಕಳೆದುಹೋದವು ಕನಿಷ್ಠ 40.

ಫ್ರೆಂಚ್ ಸೇರಿ ಯುರೋಪಿನ ಆರು ಭಾಷೆಗಳ ವೀರ ಮತ್ತು ಪ್ರಣಯ ಕಥನಗಳಿಗೆ ಇದೇ ಬಗೆಯ ಲೆಕ್ಕ ಹಾಕಿದ ಅಧ್ಯಯನ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಕೃತಿಗಳಲ್ಲಿ ಸುಮಾರು ಶೇ. 68, ಹಸ್ತಪ್ರತಿಗಳಲ್ಲಿ ಬರೀ ಶೇ. 9 ಉಳಿದಿವೆ. ಫ್ರೆಂಚ್ ಕೃತಿಗಳಲ್ಲಿ ಉಳಿದದ್ದು ಅರ್ಧಕ್ಕಿಂತ ತುಸು ಹೆಚ್ಚು.

ಸೂತ್ರ ಸುಲಭ, ಎಣಿಕೆಯೇ ಕಷ್ಟ. ಒಂದೇ ಪುಸ್ತಕದ ಹಾಳೆಗಳು ಎರಡು ಗ್ರಂಥಾಲಯಗಳಿಗೆ ಚದುರಿ, ಅವನ್ನು ಎರಡು ಪ್ರತಿಯೆಂದು ಬರೆದುಕೊಂಡರೆ ನಮ್ಮ 40 ಮತ್ತು 20, 39 ಮತ್ತು 21 ಆಗುತ್ತವೆ. ಉತ್ತರ 36ಕ್ಕೆ ಇಳಿಯುತ್ತದೆ. ಆಗಲೇ ಗೊತ್ತಿರುವ ಕಾವ್ಯದ ತುಣುಕನ್ನು ಗುರುತಿಸಲಾಗದೆ ಹೊಸ ಕೃತಿಯೆಂದು ಸೇರಿಸಿದರೆ 42ಕ್ಕೆ ಏರುತ್ತದೆ. ಒಂದೇ ಒಂದು ತಪ್ಪಿಗೆ ಇಷ್ಟು ವ್ಯತ್ಯಾಸ! ಅದಕ್ಕೇ ತುಣುಕು ಸಿಕ್ಕಾಗ ಅಂಕಣದ ಅಗಲ, ಅಂಕಣಕ್ಕೆಷ್ಟು ಸಾಲು, ಗೆರೆಗಳ ನಡುವಿನ ಅಂತರ ಎಲ್ಲವನ್ನೂ ಅಳೆದು, ಅಕ್ಷರದ ತಿರುವುಗಳನ್ನು ಹೋಲಿಸಿ ನೋಡಬೇಕು. ಪದ್ಯರೂಪ, ಗದ್ಯರೂಪ ಎರಡಿದ್ದರೆ ಅದು ಒಂದು ಕೃತಿಯೋ ಎರಡೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಬರವಣಿಗೆಗೇ ಇಳಿಯದೆ ಬಾಯಲ್ಲೇ ಮುಗಿದ ಹಾಡುಗಳಂತೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ತುಣುಕುಗಳು ಸಿಗುವುದು ಹೆಚ್ಚಾಗಿ ಬೇರೆ ಪುಸ್ತಕಗಳ ರಟ್ಟಿನೊಳಗೆ. ಓದುವವರಿಲ್ಲದ ಚರ್ಮದ ಹಾಳೆ ಗಟ್ಟಿ ವಸ್ತು. ಬೈಂಡಿಂಗ್ ಮಾಡುವವರು ಅದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಬೆನ್ನಿಗೆ ಅಂಟಿಸುತ್ತಿದ್ದರು. ಹಳೆಯ ಫ್ರೆಂಚ್ ಕಥನಗೀತೆಗಳ ನಾರ್ಸ್ (ನಾರ್ವೆ, ಐಸ್‌ಲ್ಯಾಂಡಿನ ಹಳೆಯ ಭಾಷೆ) ಅನುವಾದದ ಕೆಲವು ಹಾಳೆಗಳು ಐಸ್‌ಲ್ಯಾಂಡಿನಲ್ಲಿ ಬಿಷಪ್ಪರ ಟೋಪಿಯೊಳಗಿದ್ದವು. ಟೋಪಿ ನೆಟ್ಟಗೆ ನಿಲ್ಲಲೆಂದು ಅದರ ಅಳತೆಗೆ ಕತ್ತರಿಸಿದ್ದರು. ಅವು ಈಗ ಸ್ವೀಡನ್ನಿನಲ್ಲಿರುವ ಹಸ್ತಪ್ರತಿಯೊಂದರಿಂದಲೇ ಬೇರ್ಪಟ್ಟ ಹಾಳೆಗಳು, ಹಾಗಾಗಿ ಎಣಿಕೆಯಲ್ಲಿ ಅವನ್ನು ಬೇರೆ ಪ್ರತಿಯೆಂದು ಹಿಡಿಯುವಂತಿಲ್ಲ.