ಬಣ್ಣಕ್ಕೆ ಹೆಪ್ಪು

ಅಡುಗೆಮನೆಗೆ ಹೋಗಿ, ಒಲೆ ಪಕ್ಕದ ಎಣ್ಣೆ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿ. ಹಿಡಿಕೆಯ ಕೆಳಗೆ, ಎಣ್ಣೆ ಸೋರಿದ ಜಾಗದಲ್ಲಿ, ಕಂದು ಬಣ್ಣದ ಅಂಟು ಪದರ ಸಿಗುತ್ತದೆ. ಸೋಪಿಗೆ ಜಗ್ಗುವುದಿಲ್ಲ. ಉಗುರಿನಿಂದ ಕೆರೆದರೆ ರಬ್ಬರಿನ ಹಾಗೆ ಸುರುಳಿ ಸುತ್ತಿಕೊಂಡು ಏಳುತ್ತದೆ. ಕೊಳೆ ಅಂತ ನಾವು ಬೈದುಕೊಂಡು ತಿಕ್ಕುತ್ತೇವೆ. ನಿಜವಾಗಿ ಅದು ಪೇಂಟು. ಬಣ್ಣದ ಪುಡಿ ಬಿದ್ದಿಲ್ಲ, ಅಷ್ಟೇ. ಬಾಗಿಲಿಗೆ ಹಚ್ಚಿದ ಎನಾಮಲ್ ಗಟ್ಟಿಯಾಗುವುದೂ ಈ ಸೂರ್ಯಕಾಂತಿ ಎಣ್ಣೆ ಅಂಟಾಗುವುದೂ ಒಂದೇ ಕ್ರಿಯೆ.

ಇದು ನನ್ನ ತಲೆಗೆ ಹೋಗಲು ಅಜ್ಜಿಯ ಪೆಟ್ಟಿಗೆ ಬೇಕಾಯಿತು. ಹಲಸಿನ ಮರದ ಪೆಟ್ಟಿಗೆ, ಹಿತ್ತಾಳೆ ಚಿಲಕ, ಮೂಲೆಗಳಲ್ಲಿ ಹುಳು ಕೊರೆದ ಗುರುತು. ಹೋದ ವರ್ಷ ಆಷಾಢದಲ್ಲಿ, ಶಿವಮೊಗ್ಗದ ಜಡಿಮಳೆಯಲ್ಲಿ, ಅದಕ್ಕೆ ಹೊಸ ರೂಪ ಕೊಡಲು ಕೂತೆ. ಬೇಗ ಮುಗಿಯಲಿ ಅಂತ ಒಂದೇ ದಿನ ಎರಡು ದಪ್ಪ ಕೋಟ್ ಎನಾಮಲ್ ಬಳಿದೆ. ಮೂರನೇ ದಿನ ಮಳೆ ಬಿಟ್ಟಿತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಬಿಸಿಲಿಗಿಡಿ, ಒಣಗುತ್ತೆ." ಇಟ್ಟೆ. ಸಂಜೆ ಹೊತ್ತಿಗೆ ಮುಚ್ಚಳದ ಮೇಲೆ ಹಾಲಿನ ಕೆನೆಯ ಹಾಗೆ ಸುಕ್ಕು. ಹೆಬ್ಬೆರಳು ಒತ್ತಿದರೆ ಮೇಲಿನ ಚರ್ಮ ಸರಿಯಿತು, ಕೆಳಗೆ ಬಣ್ಣ ಹಸಿಹಸಿಯಾಗಿಯೇ ಇತ್ತು. ನನಗೆ ಅಳುವೇ ಬಂತು.

ಬಣ್ಣ ಬಳಿಯುವ ಹಿರಿಯರೊಬ್ಬರು ಅದನ್ನು ನೋಡಿ, "ಅಕ್ಕಾ, ಬಣ್ಣ ಒಣಗಿದ್ರೆ ಸಾಲ್ದು, ಬಲೀಬೇಕು" ಅಂದರು. ಕಾಯಿ ಬಲಿಯುತ್ತದಲ್ಲ, ಆ ಬಲಿಯುವುದು. ರಸಾಯನಶಾಸ್ತ್ರದ ಇಡೀ ಪಾಠ ಆ ಒಂದು ಮಾತಿನಲ್ಲಿದೆ.

ಯಾಕೆ ಅಂತ ನೋಡೋಣ. ದ್ರವವಾಗಿದ್ದದ್ದು ಮರದ ಮೇಲೆ ಗಟ್ಟಿಯಾಗುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಒಂದು, ಒದ್ದೆ ಬಟ್ಟೆ ಒಣಗುವ ದಾರಿ. ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು. ಸ್ಪಿರಿಟ್ ಹಾರಿಹೋಗುತ್ತದೆ, ಅರಗು ಉಳಿಯುತ್ತದೆ. ಎರಡನೆಯದು, ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುವ ದಾರಿ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಲೇತ್ ಯಂತ್ರದ ಮೇಲೆ ಗಿರಗಿರ ತಿರುಗುವಾಗ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣಗರಿ ಹಿಡಿದು ತೀಡಿದರೆ ಹೊಳಪು ಬರುತ್ತದೆ, ಆಮೇಲೆ ತಣ್ಣಗಾಗಿ ಗಟ್ಟಿ. ಮುತ್ತುಗದಂಥ ಮರಗಳ ಕೊಂಬೆಯಲ್ಲಿ ಒಂದು ಪುಟ್ಟ ಕೀಟ ತನ್ನ ರಕ್ಷಣೆಗೆ ಒಸರಿಕೊಂಡ ವಸ್ತು ನಮ್ಮ ಮಕ್ಕಳ ಬುಗುರಿಗೆ ಬಣ್ಣವಾಗುತ್ತದೆ ಅನ್ನುವುದು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಈ ಎರಡೂ ದಾರಿಯಲ್ಲಿ ಹಿಂದಕ್ಕೆ ಬರಬಹುದು. ತುಪ್ಪ ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ. ಹಳೆಯ ಮೇಜಿನ ಮೇಲಿರುವುದು ಅರಗಿನ ಪಾಲಿಶೋ ಅಲ್ಲವೋ ಅನುಮಾನವಿದ್ದರೆ, ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅರಗಾದರೆ ಮೆತ್ತಗಾಗಿ ಹತ್ತಿಗೆ ಬಣ್ಣ ಬರುತ್ತದೆ. ಅಂಥ ಮೇಜಿನ ಪಾಲಿಶನ್ನು ಪೂರ್ತಿ ಕೆರೆದು ತೆಗೆಯುವುದು ಅನ್ಯಾಯ. ಸ್ಪಿರಿಟಿನಲ್ಲೇ ಕರಗಿಸಿ, ಅಲ್ಲೇ ಸರಿಮಾಡಬಹುದು.

ಎನಾಮಲ್ ಎಣ್ಣೆಯಿಂದಾದ ಬಣ್ಣ, ಅದರ ದಾರಿ ಬೇರೆ. ಅದು ಹಾಲು ಹೆಪ್ಪಾಗುವ ದಾರಿ. ಹಾಲು ಮೊಸರಾದ ಮೇಲೆ ಏನು ಮಾಡಿದರೂ ಮತ್ತೆ ಹಾಲಾಗುವುದಿಲ್ಲ ಅಲ್ವಾ? ಪೇಂಟ್ ಡಬ್ಬದ ಮೇಲೆ ಕೆನೆ ಕಟ್ಟಿದಾಗ ಅದರ ಮೇಲೆ ಥಿನ್ನರ್ ಸುರಿದು ನೋಡಿ. ಅದು ಸುಮ್ನೆ ಒಣಗಿದ ಬಣ್ಣವಾಗಿದ್ದರೆ ಕರಗಿಬಿಡಬೇಕಿತ್ತು. ಕರಗುವುದಿಲ್ಲ. ಚರ್ಮದ ಹಾಗೆ ತೇಲುತ್ತದೆ. ಅದು ಈಗ ಬೇರೆಯೇ ವಸ್ತು.

ಎಣ್ಣೆಯ ಕಣ ಅಂದರೆ ಮೂರು ಉದ್ದನೆಯ ಬಾಲಗಳಿರುವ ಜೀವಿ ಅಂದುಕೊಳ್ಳಿ. ತೆಂಗಿನೆಣ್ಣೆಯ ಬಾಲಗಳು ಹೆಚ್ಚೂಕಡಿಮೆ ನುಣ್ಣಗೆ, ಎಲ್ಲೂ ಗಂಟಿಲ್ಲ. ಅಗಸೆ ಎಣ್ಣೆಯ ಬಾಲಗಳಲ್ಲಿ ಅರ್ಧಕ್ಕಿಂತ ಜಾಸ್ತಿಯವಕ್ಕೆ ಮೂರು ಮೂರು ಗಂಟು. ಗಂಟು ಅಂದರೆ ಎರಡು ಇಂಗಾಲದ ನಡುವಿನ ಜೋಡಿ ಬಂಧ. ಎರಡು ಗಂಟಿನ ನಡುವಿನ ಜಾಗ ತುಂಬಾ ದುರ್ಬಲ. ಗಾಳಿಯ ಆಮ್ಲಜನಕ ಅಲ್ಲಿಗೇ ಬಂದು ಕೂರುತ್ತದೆ. ಅದು ಕೂತ ಬಾಲ ಪಕ್ಕದ ಎಣ್ಣೆಕಣದ ಬಾಲವನ್ನು ಹಿಡಿಯುತ್ತದೆ, ಅದು ಮತ್ತೊಂದನ್ನು. ಜಾತ್ರೆಯ ಗುಂಪಿನಲ್ಲಿ ಒಬ್ಬೊಬ್ಬರೇ ಓಡಾಡುತ್ತಿದ್ದ ಮಕ್ಕಳು ಕೈ ಕೈ ಹಿಡಿದ ಹಾಗೆ. ಹತ್ತು ಮಕ್ಕಳು ಹಿಡಿದರೂ ಸಾಲು ಅತ್ತಿತ್ತ ಆಡುತ್ತದೆ. ಎಲ್ಲರೂ ಎಲ್ಲ ಕಡೆಯಿಂದಲೂ ಹಿಡಿದರೆ ಯಾರೂ ಅಲುಗುವಂತಿಲ್ಲ. ಬಿಸಿ ಶ್ಯಾವಿಗೆ ಎಳೆಗಳು ಬಿಡಿಬಿಡಿಯಾಗಿದ್ದು, ಆರಿದ ಮೇಲೆ ಒಂದಕ್ಕೊಂದು ಅಂಟಿ ತಟ್ಟೆಯ ಆಕಾರದಲ್ಲೇ ಎದ್ದು ಬರುತ್ತವಲ್ಲ, ಅದೂ ಹತ್ತಿರದ ಹೋಲಿಕೆಯೇ. ಬಲೆ ಅಂದರೆ ಇನ್ನೂ ಹತ್ತಿರ. ಕೊನೆಗೆ ನಿಮ್ಮ ಬಾಗಿಲಿನ ಮೇಲಿರುವುದು ಮೂಲೆಯಿಂದ ಮೂಲೆಗೆ ಹೆಣೆದ ಬಲೆ. ದೋಸೆ ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುವಾಗ ಆಗುವುದೂ ಇಂಥದ್ದೇ ಬಲೆ, ಅಲ್ಲಿ ಬಿಸಿಯಿಂದ ಬೇಗ ಆಗುತ್ತದೆ.

ಒಣಗುವ ಬಟ್ಟೆ ಹಗುರವಾಗುತ್ತದೆ. ಗಟ್ಟಿಯಾಗುವ ಅಗಸೆ ಎಣ್ಣೆಯ ತೂಕ ಜಾಸ್ತಿಯಾಗುತ್ತದೆ, ಸುಮಾರು ಶೇಕಡಾ 10ರಷ್ಟು. ಗಾಳಿಯನ್ನು ನುಂಗಿ ತೂಕ ಏರಿಸಿಕೊಳ್ಳುವುದಕ್ಕೆ "ಒಣಗುವುದು" ಅನ್ನುವ ಹೆಸರು ಹೇಗೆ ಹೊಂದೀತು?

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜಿನೀವಾದ ನಿಕೋಲಾ ತೆಯೊಡೋರ್ ಡಿ ಸೊಸ್ಯೂರ್ ಇದನ್ನು ಅಳೆದು ನೋಡಿದರು. ಗಿಡಗಳು ಗಾಳಿಯಿಂದ ಇಂಗಾಲ ಪಡೆಯುವುದನ್ನು ಲೆಕ್ಕ ಹಾಕಿ ತೋರಿಸಿದವರೂ ಇವರೇ. ಅಕ್ರೋಟ್ ಎಣ್ಣೆಯ ತೆಳು ಪದರವನ್ನು ಆಮ್ಲಜನಕದಲ್ಲಿ, ನೆರಳಲ್ಲಿ ಇಟ್ಟರು. 8 ತಿಂಗಳು ಕಾದರೂ ಎಣ್ಣೆ ತನ್ನ ಗಾತ್ರದ 3 ಪಟ್ಟು ಮಾತ್ರ ಆಮ್ಲಜನಕ ಹೀರಿತ್ತು. ಆಮೇಲೆ ಆಗಸ್ಟಿನ ಬರೀ 10 ದಿನಗಳಲ್ಲಿ 60 ಪಟ್ಟು! ಏನೂ ಆಗುತ್ತಿಲ್ಲ ಅನ್ನಿಸುವ ದೀರ್ಘ ಕಾಯುವಿಕೆ, ಆಮೇಲೆ ಒಮ್ಮೆಗೇ ಓಟ. ರಾತ್ರಿ ಹತ್ತಕ್ಕೆ ನೋಡಿದಾಗಲೂ ಹಾಲಾಗಿಯೇ ಇದ್ದದ್ದು ಬೆಳಿಗ್ಗೆ ಗಡ್ಡೆಮೊಸರಾದ ಹಾಗೆ.

ಎಂಟು ತಿಂಗಳು ಕಾಯಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಕಂಪನಿಗಳು ಬಣ್ಣಕ್ಕೂ ಹೆಪ್ಪು ಹಾಕುತ್ತವೆ: ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ, ಚಿಟಿಕೆಯಷ್ಟು. ಹಿಂದೆ ಈ ಕೆಲಸಕ್ಕೆ ಸೀಸವನ್ನೂ ಬಳಸುತ್ತಿದ್ದರು. ಬಿಳಿ ಬಣ್ಣದ ಪುಡಿಯಾಗಿಯೂ ಸೀಸವೇ ಇರುತ್ತಿತ್ತು. ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವಿರುವ ತೊಟ್ಟಿಲು, ಕಿಟಕಿ, ಪೆಟ್ಟಿಗೆಗಳನ್ನು ದಯವಿಟ್ಟು ಒಣದಾಗಿ ಉಜ್ಜಬೇಡಿ. ನೀರು ಹಾಕಿಕೊಂಡು ಉಪ್ಪುಕಾಗದದಿಂದ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಕ್ಕಳನ್ನೂ ಬಸುರಿಯರನ್ನೂ ಆ ಹತ್ತಿರ ಬಿಡಬೇಡಿ.

ಈ ಎಣ್ಣೆಯ ಬಲೆಯನ್ನು ಮೊದಲು ಕಂಡುಕೊಂಡವರು ಯಾರು? ಕಲಾವಿದರ ಜೀವನಚರಿತ್ರೆ ಬರೆದ ಇಟಲಿಯ ವಸಾರಿ 1550ರಲ್ಲಿ ಆ ಕೀರ್ತಿಯನ್ನು ಹದಿನೈದನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಯಾನ್ ವಾನ್ ಐಕ್‌ಗೆ ಕೊಟ್ಟರು. ತುಂಬಾ ಕಾಲ ಎಲ್ಲರೂ ಅದನ್ನೇ ನಂಬಿದ್ದರು. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ, 2001ರಲ್ಲಿ ಒಡೆದುಹಾಕಿದ ಬುದ್ಧರ ಹಿಂದಿನ ಗುಹೆಗಳಲ್ಲಿ, ಏಳನೇ ಶತಮಾನದ ಚಿತ್ರಗಳಿವೆ. ಅವುಗಳ ಬಣ್ಣದ ಚೂರುಗಳನ್ನು ಪರೀಕ್ಷಿಸಿದಾಗ ಅಕ್ರೋಟ್ ಅಥವಾ ಗಸಗಸೆಯಂಥ ಗಟ್ಟಿಯಾಗುವ ಎಣ್ಣೆ ಸಿಕ್ಕಿತು. ಸುದ್ದಿ ಹೊರಬಂದದ್ದು 2008ರಲ್ಲಿ. ವಾನ್ ಐಕ್‌ಗಿಂತ ಏಳುನೂರು ವರ್ಷ ಮೊದಲಿನ ಬೌದ್ಧ ಕಲಾವಿದರವು! ಇನ್ನು ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಪೇಂಟ್ ಡಬ್ಬದ ಕೆನೆಯನ್ನು ಕಿತ್ತು ಎಸೆಯದೆ ಹಿಗ್ಗಿಸಿ ನೋಡಿದರು. 1860ರ ದಶಕದಲ್ಲಿ ಅದರಿಂದಲೇ ನೆಲಕ್ಕೆ ಹಾಸುವ ಲಿನೋಲಿಯಂ ಹುಟ್ಟಿತು. ಲಿನಂ ಅಂದರೆ ಅಗಸೆ. ಉತ್ತರ ಕರ್ನಾಟಕದ ಅಗಸಿ ಹಿಂಡಿ ಉಣ್ಣುವವರಿಗೆ ಈ ಗಿಡದ ಪರಿಚಯ ಹೇಳಬೇಕಾಗಿಲ್ಲ.

ಈಗ ನನ್ನ ಪೆಟ್ಟಿಗೆಯ ಸುಕ್ಕಿಗೆ ಬರೋಣ. ದಪ್ಪ ಕೋಟಿನ ಮೇಲ್ಭಾಗಕ್ಕೆ ಗಾಳಿ ಸಿಗುತ್ತದೆ, ಬಿಸಿಲಿಗೆ ಆ ಓಟ ಇನ್ನೂ ಜೋರು. ಮೇಲೆ ಚರ್ಮ ಕಟ್ಟುತ್ತದೆ. ಆ ಚರ್ಮ ಆಮ್ಲಜನಕ ನುಂಗಿ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಜಾಗ ಬೇಕು. ಅಕ್ಕಪಕ್ಕ ಜಾಗವಿಲ್ಲ, ಕೆಳಗೆ ಜಾರುವ ಹಸಿ ಬಣ್ಣ. ಹಾಗಾಗಿ ಸುಕ್ಕಾಗುತ್ತದೆ. ಒಳಗಿನ ಬಣ್ಣಕ್ಕೆ ಚರ್ಮವೇ ಮುಚ್ಚಳವಾಗಿ ಗಾಳಿ ತಪ್ಪುತ್ತದೆ. ತೆಳ್ಳಗೆ ಎಳೆದು, ಒಂದು ದಿನ ಪೂರ್ತಿ ಬಿಟ್ಟು, ಮತ್ತೆ ತೆಳ್ಳಗೆ ಎಳೆಯಿರಿ ಅನ್ನುವುದು ಈ ಕಾರಣಕ್ಕೆ. ಗಾಳಿಯಾಡುವ ನೆರಳು ಸಾಕು. ಮೇಲೆ ಮುಟ್ಟಿದರೆ ಅಂಟುವುದಿಲ್ಲ ಅಂತ ಆವತ್ತೇ ಭಾರದ ಸಾಮಾನು ಹೇರಬೇಡಿ. ಬಲೆ ಹೆಣೆಯುವ ಕೆಲಸ ವಾರಗಟ್ಟಲೆ ನಡೆಯುತ್ತದೆ.

ಇನ್ನೊಂದು ವಿಷಯವನ್ನು ಭಯದಿಂದಲೇ ಹೇಳುತ್ತೇನೆ. ಈ ಕ್ರಿಯೆಯಲ್ಲಿ ಬಿಸಿ ಹುಟ್ಟುತ್ತದೆ. ಬಾಗಿಲಿನ ಮೇಲೆ ತೆಳ್ಳಗೆ ಹರಡಿದಾಗ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಬಿಸಿ ಒಳಗೇ ಕೂಡುತ್ತದೆ. ಬಿಸಿಯಾದಷ್ಟೂ ಕ್ರಿಯೆ ಜೋರಾಗಿ, ಕೊನೆಗೆ ಯಾರೂ ಕಡ್ಡಿ ಗೀರದೆ ಬೆಂಕಿ ಏಳಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಗಗನಚುಂಬಿ ಕಟ್ಟಡದ 22ನೇ ಮಹಡಿಯಲ್ಲಿ ಹೀಗೆ ಬಿಟ್ಟುಹೋದ ಬಟ್ಟೆಗಳಿಂದಲೇ ಬೆಂಕಿ ಹತ್ತಿ ಮೂವರು ಅಗ್ನಿಶಾಮಕರು ಸತ್ತರು. ನಮ್ಮಲ್ಲಿ ಮನೆಯೊಳಗೆ ಬಟ್ಟೆಗೆ ತಾನಾಗಿ ಬೆಂಕಿ ಬಿತ್ತು ಅಂದರೆ ಭಾನಾಮತಿ ಅನ್ನುವವರು ಇನ್ನೂ ಇದ್ದಾರೆ, ಮಾಟ ಮಾಡಿದವರನ್ನು ಹುಡುಕಿ ಯಾರದೋ ಮನೆಯ ಮುಂದೆ ಗಲಾಟೆ ಎಬ್ಬಿಸುತ್ತಾರೆ. ಪ್ರತಿ ಬೆಂಕಿಗೂ ಎಣ್ಣೆಬಟ್ಟೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಎಣ್ಣೆ ತನಗೆ ತಾನೇ ಬಿಸಿಯಾಗಬಲ್ಲದು ಅನ್ನುವುದು ಶಾಲೆಯ ಮಕ್ಕಳಿಗೂ ಗೊತ್ತಿದ್ದರೆ ಮೊದಲು ಬಟ್ಟೆಯ ಮೂಲೆ ಮೂಸಿ ನೋಡುವವರು ಒಬ್ಬರಾದರೂ ಇರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಬಯಲಲ್ಲಿ ಬಿಡಿಸಿ ಹರಡಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಸಂಕ್ರಾಂತಿ ಕಳೆದ ಮೇಲೆ ಪೆಟ್ಟಿಗೆಯನ್ನು ಮತ್ತೆ ಶುರುಮಾಡಿದೆ. ಸುಕ್ಕು ಕೆರೆದು, ಹುಳದ ತೂತಿಗೆ ಲಪ್ಪ ತುಂಬಿ, ಪ್ರೈಮರ್ ಹಚ್ಚಿ, ಹೊರಗೆ ಕಾವಿ ಬಣ್ಣ, ಮುಚ್ಚಳದ ಒಳಮೈಗೆ ಬಿಳಿ. ತಂಗಿಯ ಮಗಳು ಮೇಲೆ ಹಸೆ ಚಿತ್ತಾರ ಬರೆದಳು. ಮಲೆನಾಡಿನ ದೀವರ ಹೆಂಗಸರು ಇದನ್ನು ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಲ್ಲಿ, ಅಕ್ಕಿ ಹಿಟ್ಟಿನ ಬಿಳಿ ಮತ್ತು ಕೆಮ್ಮಣ್ಣಿನ ಕೆಂಪಿನಲ್ಲಿ ಬರೆಯುತ್ತಾರೆ. ಮಣ್ಣಿನ ಗೋಡೆ ಅಕ್ಕಿಗಂಜಿಯನ್ನು ಹೀರಿ ಹಿಡಿದುಕೊಳ್ಳುತ್ತದೆ. ನಮ್ಮ ಎನಾಮಲ್ ಗಾಜಿನಂತೆ ನುಣುಪು, ಅಲ್ಲಿ ಗಂಜಿ ಒಣಗಿ ಉದುರಿಬಿಡುತ್ತದೆ. ಅದಕ್ಕೆ ಮೊದಲು ಉಪ್ಪುಕಾಗದದಿಂದ ಹೊಳಪು ಮುರಿದೆವು. ಆಮೇಲೆ ಆಕ್ರಿಲಿಕ್ ಬಣ್ಣ ಬಳಸಿದೆವು. ಅದರದು ಇನ್ನೂ ಒಂದು ದಾರಿ: ನೀರು ಹೋದಂತೆ ಅದರಲ್ಲಿರುವ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಗುಂಡುಗಳು ಒತ್ತಾಗಿ, ಹಿಟ್ಟಿನುಂಡೆಗಳ ಹಾಗೆ ಒಂದರೊಳಗೊಂದು ಬೆರೆತು ಹಾಳೆಯಾಗುತ್ತವೆ.

ಪೆಟ್ಟಿಗೆಯೊಳಗೆ ಅಜ್ಜಿಯ ಸೀರೆಗಳನ್ನಿಟ್ಟು ಮುಚ್ಚಿದ್ದೆ. ಮೊನ್ನೆ ತೆಗೆದರೆ ಒಳಗಿನ ಬಿಳಿ ಅರಿಸಿನ ಸವರಿದಂತೆ ಹಳದಿಯಾಗಿದೆ. ಹೊರಗೆ, ಬೆಳಕಿನಲ್ಲಿ ನಿಂತ ಕಿಟಕಿಯ ಚೌಕಟ್ಟಿಗೂ ಅದೇ ಡಬ್ಬದ ಬಿಳಿ ಹಚ್ಚಿದ್ದೆ, ಅದು ಬೆಳ್ಳಗೇ ಇದೆ. ಬಿಸಿಲು ಬಣ್ಣ ಕೆಡಿಸುತ್ತದೆ ಅಂತ ನಂಬಿದವರಿಗೆ ಇದು ವಿಚಿತ್ರ. ಎಣ್ಣೆಯ ಬಲೆಯಲ್ಲಿ ನಿಧಾನವಾಗಿ ಹುಟ್ಟುವ ಹಳದಿ ವಸ್ತುಗಳನ್ನು ಬೆಳಕು ಮುರಿದುಹಾಕುತ್ತದೆ, ಕತ್ತಲಲ್ಲಿ ಅವು ಕೂಡುತ್ತಾ ಹೋಗುತ್ತವೆ. ಚಿತ್ರಕಾರ ರೂಬೆನ್ಸ್‌ಗೆ ಇದು ಅನುಭವದಿಂದ ಗೊತ್ತಿತ್ತು. 1629ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸಿದ ತನ್ನ ಹೊಸ ಚಿತ್ರ ಬಣ್ಣಗೆಟ್ಟಿದ್ದರೆ ಆಗಾಗ ಬಿಸಿಲಿಗಿಡಿ ಅಂದಿದ್ದರು.

ಸೀರೆಗಳನ್ನು ಬೀರುವಿಗೆ ಸಾಗಿಸಿದ್ದೇನೆ. ಈಗ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಜಗಲಿಗೆ ಬಿಸಿಲು ಬರುವ ಹೊತ್ತಿಗೆ, ಪೆಟ್ಟಿಗೆಯ ಮುಚ್ಚಳ ತೆರೆದಿರುತ್ತದೆ. ನಾಲ್ಕನೇ ದಿನಕ್ಕೇ ಚಿಲಕದ ಪಕ್ಕದ ಅಂಚು ಬೆಳ್ಳಗಾಗತೊಡಗಿದೆ.