ಟ್ರಂಪ್ ಗೆದ್ದಿದ್ದು ‘ಓದದ ಬಡ ಬಿಳಿಯರ’ ವೋಟಿನಿಂದಲೇ?

ಪ್ರಶ್ನೆ: ಟ್ರಂಪ್‌ಗೆ ವೋಟು ಹಾಕುವವರು ಯಾರು? ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ, ಹೆಚ್ಚು ಓದದ ಬಡ ಬಿಳಿಯರು ಎಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಅಷ್ಟೊಂದು ಹೆಂಗಸರು, ಲ್ಯಾಟಿನೊಗಳು (ಲ್ಯಾಟಿನ್ ಅಮೆರಿಕ ಮೂಲದವರು), ನಮ್ಮ ಭಾರತೀಯರು ಅವರಿಗೆ ಹಾಕಿದ್ದು ಹೇಗೆ?

ಉತ್ತರ: 2016ರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಪ್ರಶ್ನೆಯ ಎರಡನೇ ಅರ್ಧ ಮೊದಲನೇ ಅರ್ಧವನ್ನು ಸುಳ್ಳು ಮಾಡುತ್ತಿದೆ ಎನ್ನುವುದು ಕೇಳುವವರಿಗೇ ಹೊಳೆದಿದ್ದರೆ ನನ್ನ ಕೆಲಸ ಅರ್ಧ ಉಳಿಯುತ್ತಿತ್ತು.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಜನಾಂಗ, ನಾಲ್ಕು ವರ್ಷದ ಕಾಲೇಜು ಡಿಗ್ರಿ, ಚರ್ಚಿಗೆ ಹೋಗುವ ರೂಢಿ, ಹಳ್ಳಿಯೋ ಪಟ್ಟಣವೋ ಎಂಬುದು, ಇಷ್ಟು ಗೊತ್ತಿದ್ದರೆ ಅಮೆರಿಕದ ಮತದಾರರ ಒಲವನ್ನು ಸುಮಾರಾಗಿ ಊಹಿಸಬಹುದು. ಬರೀ ಸಂಬಳದ ಚೀಟಿ ನೋಡಿ ಊಹಿಸಲು ಹೊರಟರೆ ಎಡವುತ್ತೀರಿ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್‌ನ ಲೆಕ್ಕದಲ್ಲಿ 2024ರಲ್ಲಿ ಗ್ರಾಮೀಣ ಮತದಾರರಲ್ಲಿ ಟ್ರಂಪ್‌ಗೆ ಶೇ 69, ಕಮಲಾ ಹ್ಯಾರಿಸ್‌ಗೆ ಶೇ 29. ನಗರಗಳಲ್ಲಿ ಇದು ತಿರುವುಮುರುವು: ಹ್ಯಾರಿಸ್‌ಗೆ 65, ಟ್ರಂಪ್‌ಗೆ 33. ಬಿಳಿಯ ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟರಲ್ಲಿ (ಬೈಬಲ್ಲನ್ನೇ ಗಟ್ಟಿಯಾಗಿ ನಂಬುವ ಕ್ರೈಸ್ತರು) ಐವರಲ್ಲಿ ನಾಲ್ವರು ಟ್ರಂಪ್ ಕಡೆ. ಗಂಡಸರಲ್ಲಿ ಟ್ರಂಪ್ 55–43ರಿಂದ ಮುಂದೆ, ಹೆಂಗಸರಲ್ಲಿ ಹ್ಯಾರಿಸ್ 53–46ರಿಂದ ಮುಂದೆ. ‘ಹೆಂಗಸರೆಲ್ಲ ಅವರ ವಿರುದ್ಧ’ ಎನ್ನುವವರು ಒಂದು ವಿಷಯ ಮರೆಯುತ್ತಾರೆ. ಬಿಳಿಯ ಹೆಂಗಸರಲ್ಲಿ 2016, 2020, 2024 ಮೂರೂ ಚುನಾವಣೆಗಳಲ್ಲಿ ಟ್ರಂಪ್‌ಗೇ ಹೆಚ್ಚು ಮತ ಬಿದ್ದಿದೆ. ಕಪ್ಪು ಹೆಂಗಸರಲ್ಲಿ ಹತ್ತರಲ್ಲಿ ಒಂಬತ್ತು ಮತ ಪ್ರತಿ ಸಲವೂ ಡೆಮಾಕ್ರಟರಿಗೆ. ‘ಹೆಂಗಸರ ವೋಟು’ ಎಂಬ ಒಂದೇ ಗಂಟು ಇಲ್ಲವೇ ಇಲ್ಲ.

ಇನ್ನು ‘ಓದದ ಬಡ ಬಿಳಿಯ’ ಎಂಬ ಆ ಗಟ್ಟಿ ಕಲ್ಪನೆಗೆ ಬರೋಣ. ಇದರಲ್ಲಿ ಮೂರು ಮಾತುಗಳನ್ನು ಒಟ್ಟಿಗೆ ಹೊಲಿದಿದ್ದಾರೆ. ಬಿಚ್ಚಿ ನೋಡಿದರೆ ಒಂದು ನಿಜ, ಒಂದು ಅರೆಸತ್ಯ, ಒಂದು ತಪ್ಪು.

ಬಿಳಿಯರು ಎನ್ನುವುದು ನಿಜ. 1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದ ಮೇಲೆ ಯಾವ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿಗೂ ಬಿಳಿಯರ ಬಹುಮತ ಸಿಕ್ಕಿಲ್ಲ. ಇದು ಟ್ರಂಪ್ ತಂದದ್ದಲ್ಲ, ಅವರಿಗೆ ಬಳುವಳಿಯಾಗಿ ಬಂದದ್ದು.

‘ಓದದ’ ಎನ್ನುವುದು ಅರೆಸತ್ಯ. ಸಮೀಕ್ಷೆಗಳಲ್ಲಿ ‘ಕಾಲೇಜು ಡಿಗ್ರಿ ಇಲ್ಲದವರು’ ಎಂದರೆ ನಾಲ್ಕು ವರ್ಷದ ಬ್ಯಾಚುಲರ್ ಪದವಿ ಮುಗಿಸದವರು, ಅಷ್ಟೇ. ಎರಡು ವರ್ಷದ ಕೋರ್ಸ್ ಮಾಡಿದ ನರ್ಸ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಲಾರಿ ಕಂಪನಿಯ ಮಾಲೀಕ ಎಲ್ಲರೂ ಇದರೊಳಗೇ ಬರುತ್ತಾರೆ. ಹಾರ್ವರ್ಡನ್ನು ಅರ್ಧಕ್ಕೆ ಬಿಟ್ಟ ಬಿಲ್ ಗೇಟ್ಸ್ ಕೂಡ ಈ ಲೆಕ್ಕಕ್ಕೆ ಡಿಗ್ರಿ ಇಲ್ಲದವರೇ! ಅಮೆರಿಕದ ವಯಸ್ಕರಲ್ಲಿ ಶೇ 60ಕ್ಕೂ ಹೆಚ್ಚು ಜನರಿಗೆ ಈ ಪದವಿ ಇಲ್ಲ. ಅವರನ್ನು ‘ಓದು ಬರಹ ಬಾರದವರು’ ಎಂದು ಕನ್ನಡಕ್ಕೆ ಇಳಿಸುವ ಟಿವಿ ಪಂಡಿತರಿಗೆ ಏನು ಹೇಳುವುದು?

ಡಿಗ್ರಿಯ ಗೆರೆ ಮಾತ್ರ ನಿಜವಾಗಿಯೂ ದಪ್ಪಗಿದೆ. 2016ರಲ್ಲಿ ಪ್ಯೂ ಲೆಕ್ಕದ ಪ್ರಕಾರ ಡಿಗ್ರಿ ಇಲ್ಲದ ಬಿಳಿಯರಲ್ಲಿ ಟ್ರಂಪ್‌ಗೆ 64, ಹಿಲರಿ ಕ್ಲಿಂಟನ್‌ಗೆ 28. ಡಿಗ್ರಿ ಇದ್ದ ಬಿಳಿಯರಲ್ಲಿ ಕ್ಲಿಂಟನ್‌ಗೆ 55, ಟ್ರಂಪ್‌ಗೆ 38. ಒಂದೇ ಬಣ್ಣ, ಒಂದೇ ದೇಶ, ನಡುವೆ ಇಷ್ಟು ದೊಡ್ಡ ಕಂದಕ. ಒಂದು ಕಾಲದಲ್ಲಿ ಇದು ಉಲ್ಟಾ ಇತ್ತು: ಸೂಟು ಹಾಕಿದ ಪದವೀಧರ ರಿಪಬ್ಲಿಕನ್, ಯೂನಿಯನ್ ಕಾರ್ಡಿನ ಕಾರ್ಮಿಕ ಡೆಮಾಕ್ರಟ್. ತಿರುವು ಶುರುವಾಗಿ ದಶಕಗಳಾಗಿದ್ದವು, ಟ್ರಂಪ್ ಅದಕ್ಕೆ ವೇಗ ಕೊಟ್ಟರು. ಪದವೀಧರರು ದೊಡ್ಡ ನಗರಗಳಲ್ಲಿ ಗುಂಪುಗೂಡಿದರು. ವಲಸೆ, ಜನಾಂಗ, ಸರಕಾರಿ ಸಂಸ್ಥೆಗಳ ಮೇಲಿನ ನಂಬಿಕೆ, ಈ ವಿಷಯಗಳಲ್ಲಿ ಎರಡು ಗುಂಪಿನ ಅಭಿಪ್ರಾಯಗಳು ದೂರ ಸರಿದವು. ಚುನಾವಣೆಯೂ ಸಂಬಳ, ತೆರಿಗೆ ಬಿಟ್ಟು ಆ ವಿಷಯಗಳ ಮೇಲೆಯೇ ನಡೆಯತೊಡಗಿತು.

‘ಬಡ’ ಎನ್ನುವುದೇ ತಪ್ಪು. 2016ರ ಎಕ್ಸಿಟ್ ಪೋಲ್‌ನಲ್ಲಿ ವರ್ಷಕ್ಕೆ 50,000 ಡಾಲರ್‌ಗಿಂತ ಕಡಿಮೆ ಆದಾಯದ ಮನೆಗಳಲ್ಲಿ ಮುಂದಿದ್ದವರು ಕ್ಲಿಂಟನ್. ಟ್ರಂಪ್ ಮುನ್ನಡೆ ಕಂಡದ್ದು 50,000ದಿಂದ ಒಂದು ಲಕ್ಷ ಡಾಲರ್ ನಡುವಿನ ಮನೆಗಳಲ್ಲಿ. ಓಹಿಯೋದ ಸಣ್ಣ ಪಟ್ಟಣದಲ್ಲಿ ಸ್ವಂತ ವ್ಯಾನು, ನಾಲ್ಕು ಜನ ಕೆಲಸಗಾರರು, ಸಾಲ ತೀರಿದ ಮನೆ ಇರುವ ಪ್ಲಂಬಿಂಗ್ ಗುತ್ತಿಗೆದಾರನನ್ನೂ, ಬಾಸ್ಟನ್‌ನಲ್ಲಿ ಪಿಎಚ್‌ಡಿ ಮುಗಿಸಿ ಸೆಮಿಸ್ಟರ್ ಲೆಕ್ಕದ ಸಂಬಳಕ್ಕೆ ಪಾಠ ಮಾಡುತ್ತ ಬಾಡಿಗೆಗೆ ಒದ್ದಾಡುವ ಅತಿಥಿ ಉಪನ್ಯಾಸಕಿಯನ್ನೂ ಎದುರುಬದುರು ಕೂರಿಸಿ. ಬಡವರು ಯಾರು? ಟ್ರಂಪ್‌ಗೆ ಹಾಕುವ ಸಂಭವ ಯಾರಲ್ಲಿ ಹೆಚ್ಚು? ಎರಡಕ್ಕೂ ಉತ್ತರ ಒಂದೇ ವ್ಯಕ್ತಿ ಅಲ್ಲ.

ಆಗ ಬರುವ ಮರುಪ್ರಶ್ನೆ: ‘ನಕ್ಷೆ ನೋಡಿ ಸ್ವಾಮಿ, ಬಡ ಊರುಗಳೆಲ್ಲ ಟ್ರಂಪ್ ಪಕ್ಷದ ಕೆಂಪು ಬಣ್ಣದಲ್ಲಿವೆಯಲ್ಲ?’ ಎಡವಟ್ಟು ಆಗುವುದು ಇಲ್ಲಿಯೇ. ಊರು ಬಡವಾಗಿದೆ ಎಂದರೆ ಆ ಊರಿನ ಬಡವರೇ ವೋಟು ಹಾಕಿದರು ಎಂದಲ್ಲ. ಬಡವರು ಮತಗಟ್ಟೆಗೆ ಹೋಗುವುದೇ ಕಡಿಮೆ, ಹೋಗುವವರಲ್ಲಿ ಅಂಗಡಿ, ಜಮೀನು, ಸರಕಾರಿ ನೌಕರಿ ಇರುವವರ ಪಾಲು ಹೆಚ್ಚು. ಇನ್ನೂ ಸ್ಪಷ್ಟವಾಗಬೇಕೇ? ಕೆಂಟಕಿ ರಾಜ್ಯದ ಔಸ್ಲಿ ಕೌಂಟಿಯನ್ನೂ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯನ್ನೂ ಅಕ್ಕಪಕ್ಕ ಇಡಿ. ಎರಡೂ ದೇಶದ ಕಡುಬಡ ಕೌಂಟಿಗಳ ಸಾಲಿನಲ್ಲಿವೆ. ಔಸ್ಲಿಯಲ್ಲಿ ಹೆಚ್ಚೂಕಡಿಮೆ ಎಲ್ಲರೂ ಬಿಳಿಯರು, 2020ರಲ್ಲಿ ಟ್ರಂಪ್‌ಗೆ ಶೇ 80 ಮೀರಿ ಮತ. ಹೋಮ್ಸ್‌ನಲ್ಲಿ ಬಹುಪಾಲು ಕಪ್ಪು ಜನ, ಅದೇ ಚುನಾವಣೆಯಲ್ಲಿ ಜೋ ಬೈಡನ್‌ಗೆ ಶೇ 80ರ ಆಸುಪಾಸು. ಬಡತನವೇ ಕಾರಣವಾಗಿದ್ದರೆ ಎರಡೂ ಒಂದೇ ಕಡೆ ವಾಲಬೇಕಿತ್ತು.

ಕೊನೆಯ ಏಟು, ಇದಕ್ಕೆ ಉತ್ತರ ಕೊಟ್ಟವರನ್ನು ಇನ್ನೂ ನೋಡಿಲ್ಲ. ಡಿಗ್ರಿ ಇಲ್ಲದ ಬಿಳಿಯರಲ್ಲಿ ಎಕ್ಸಿಟ್ ಪೋಲ್ ಪ್ರಕಾರ ಟ್ರಂಪ್‌ಗೆ 2016ರಲ್ಲಿ ಶೇ 66, 2020ರಲ್ಲಿ 67, 2024ರಲ್ಲಿ 66. ಫಲಿತಾಂಶ? ಗೆಲುವು, ಸೋಲು, ಗೆಲುವು. ಅಲುಗಾಡದ ಗುಂಪೊಂದು ಅಲುಗಾಡುವ ಫಲಿತಾಂಶಕ್ಕೆ ಕಾರಣ ಆಗುವುದು ಹೇಗೆ? ಅವರು ಟ್ರಂಪ್‌ರ ಬುನಾದಿ, ಅದರಲ್ಲಿ ಅನುಮಾನವಿಲ್ಲ. ಆದರೆ ಸೋಲು ಗೆಲುವು ತೀರ್ಮಾನ ಆದದ್ದು ಬೇರೆಡೆ.

ನ್ಯಾಯವಾಗಿ ಇದನ್ನೂ ಹೇಳಬೇಕು: 2024ರ ಎಕ್ಸಿಟ್ ಪೋಲ್ ಪ್ರಕಾರ 50,000 ಡಾಲರ್ ಒಳಗಿನ ಮನೆಗಳಲ್ಲೂ ಟ್ರಂಪ್ ಕೊಂಚ ಮುಂದಾದರು, ಒಂದು ಲಕ್ಷ ಮೀರಿದವರಲ್ಲಿ ಹ್ಯಾರಿಸ್ ಮುಂದಿದ್ದರು. ‘ನೋಡಿದಿರಾ, ನಾವು ಹೇಳಿದ್ದೇ ಸರಿ’ ಎಂದು ಕುಣಿಯುವ ಮೊದಲು ಆ ಹೊಸಬರು ಯಾರು ಎಂದು ನೋಡಿ. ಟೆಕ್ಸಸ್‌ನ ಗಡಿಯಲ್ಲಿರುವ ಸ್ಟಾರ್ ಕೌಂಟಿಯಲ್ಲಿ ಶೇ 97ರಷ್ಟು ಜನ ಲ್ಯಾಟಿನೊಗಳು, ಊರೂ ಬಡವೇ. ಅಲ್ಲಿ ಟ್ರಂಪ್‌ಗೆ 2016ರಲ್ಲಿ ಬಿದ್ದದ್ದು ಶೇ 19, 2020ರಲ್ಲಿ 47, 2024ರಲ್ಲಿ ಸುಮಾರು 58. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗೆದ್ದಿರಲಿಲ್ಲ. ಕಥೆಯಲ್ಲಿ ಬಡವರು ಕೊನೆಗೂ ಬಂದರು, ಆದರೆ ನೀವು ಹೇಳುತ್ತಿದ್ದ ‘ಬಡ ಬಿಳಿಯರು’ ಅಲ್ಲ.

ಯಾವ ಗುಂಪು ಎಷ್ಟು ತೂಗಿತು ಎಂದು ನೀವೇ ಲೆಕ್ಕ ಹಾಕಬಹುದು. ಪ್ಯೂ ಲೆಕ್ಕದ ಪ್ರಕಾರ ಲ್ಯಾಟಿನೊಗಳಲ್ಲಿ 2020ರಲ್ಲಿ ಬೈಡನ್ 61, ಟ್ರಂಪ್ 36: ಅಂತರ 25. 2024ರಲ್ಲಿ ಹ್ಯಾರಿಸ್ 51, ಟ್ರಂಪ್ 48: ಅಂತರ 3. ಅಂದರೆ ಟ್ರಂಪ್ ಕಡೆಗೆ ಸರಿದದ್ದು 22 ಶೇಕಡಾ ಅಂಶ. ಮತ ಹಾಕಿದವರಲ್ಲಿ ಲ್ಯಾಟಿನೊಗಳ ಪಾಲು ಸುಮಾರು ಶೇ 10. ಆದ್ದರಿಂದ 22ನ್ನು 0.10ರಿಂದ ಗುಣಿಸಿ: 2.2. ಇಡೀ ದೇಶದಲ್ಲಿ ಬೈಡನ್‌ರ 4.5 ಅಂಶದ ಮುನ್ನಡೆ ಹೋಗಿ ಟ್ರಂಪ್‌ಗೆ 1.5 ಅಂಶದ ಮುನ್ನಡೆ ಬಂತು, ಒಟ್ಟು ಸರಿತ 6. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಲ್ಯಾಟಿನೊಗಳದ್ದು. ಕಪ್ಪು ಮತದಾರರಲ್ಲಿ ಟ್ರಂಪ್ 8ರಿಂದ 15ಕ್ಕೆ, ಏಷ್ಯನ್ನರಲ್ಲಿ 30ರಿಂದ 40ಕ್ಕೆ ಏರಿದರು. ಗುಂಪಿನ ಗಾತ್ರವನ್ನು ಬಿಟ್ಟು ಬರೀ ಏರಿಕೆ ನೋಡಿ ಶೀರ್ಷಿಕೆ ಬರೆದರೆ ಚಿಕ್ಕ ಗುಂಪಿನ ದೊಡ್ಡ ಜಿಗಿತಕ್ಕೆ ಇಲ್ಲದ ಮಹತ್ವ ಬರುತ್ತದೆ. ಸರಿತ ಎಂದರೆ ಎಲ್ಲರೂ ಮನಸ್ಸು ಬದಲಿಸಿದರು ಎಂದೂ ಅಲ್ಲ. 2020ರಲ್ಲಿ ಟ್ರಂಪ್‌ಗೆ ಹಾಕಿದವರಲ್ಲಿ ಶೇ 89 ಜನ 2024ರಲ್ಲೂ ಮತ ಹಾಕಿದರು, ಬೈಡನ್‌ಗೆ ಹಾಕಿದವರಲ್ಲಿ ಶೇ 85 ಮಾತ್ರ. ಮನೆಯಲ್ಲೇ ಉಳಿದವರೂ ಅಂಕಿ ಬದಲಿಸುತ್ತಾರೆ.

ಈ ಅಂಕಿಗಳನ್ನು ಎಲ್ಲಿಂದ ಎತ್ತುತ್ತೀರಿ ಎನ್ನುವುದರ ಮೇಲೆ ನಿಗಾ ಇರಲಿ. ಎಕ್ಸಿಟ್ ಪೋಲ್ ಎಂದ ಕೂಡಲೇ ನಮಗೆ ಸಂಜೆ ಟಿವಿಯಲ್ಲಿ ಸೀಟು ಹಂಚುವ ಕಾರ್ಯಕ್ರಮ ನೆನಪಾಗುತ್ತದೆ. ಅಲ್ಲಿಯದು ಬೇರೆ. ಆಯ್ದ ಮತಗಟ್ಟೆಗಳ ಹೊರಗೆ ಸಮೀಕ್ಷೆ ಕಂಪನಿ ಎಡಿಸನ್ ರಿಸರ್ಚ್‌ನವರು ನಿಂತು, ಇಷ್ಟು ಜನಕ್ಕೊಬ್ಬರಂತೆ ತಡೆದು ಪ್ರಶ್ನೆಪತ್ರ ತುಂಬಿಸುತ್ತಾರೆ. ಮುಂಚಿತವಾಗಿ ಅಥವಾ ಅಂಚೆಯಲ್ಲಿ ಮತ ಹಾಕಿದವರಿಗೆ ಫೋನ್ ಮಾಡುತ್ತಾರೆ. ಎಣಿಕೆ ಮುಗಿದ ಮೇಲೆ ನಿಜವಾದ ಫಲಿತಾಂಶಕ್ಕೆ ಹೊಂದುವಂತೆ ತೂಕ ಸರಿಪಡಿಸುತ್ತಾರೆ. ಹೀಗಾಗಿ ಮೊತ್ತ ಯಾವಾಗಲೂ ಸರಿ, ಒಳಗಿನ ಪಾಲುಗಳಲ್ಲಿ ತಪ್ಪು ಅಡಗಿ ಕೂತಿರಬಹುದು. ಪ್ಯೂನವರು ತಮ್ಮ ಸಮೀಕ್ಷೆಗೆ ಉತ್ತರಿಸಿದವರ ಹೆಸರನ್ನು ರಾಜ್ಯಗಳ ಮತದಾರರ ದಾಖಲೆಯಲ್ಲಿ ಹುಡುಕಿ, ಅವರು ನಿಜಕ್ಕೂ ಮತ ಹಾಕಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳುತ್ತಾರೆ (ಹಾಕಿದ್ದು ದಾಖಲಾಗುತ್ತದೆ, ಯಾರಿಗೆ ಎಂಬುದು ಗುಟ್ಟು). ಇದು ಬರಲು ತಿಂಗಳುಗಳು ಬೇಕು, ಅಷ್ಟರಲ್ಲಿ ಟಿವಿಯವರಿಗೆ ಆಸಕ್ತಿ ಹೋಗಿರುತ್ತದೆ. 2016ರಲ್ಲಿ ಪದವೀಧರ ಬಿಳಿಯರಲ್ಲಿ ಟ್ರಂಪ್ 3 ಅಂಶ ಮುಂದಿದ್ದರು ಎಂದಿತು ಎಕ್ಸಿಟ್ ಪೋಲ್. ಪ್ಯೂ ಪ್ರಕಾರ ಅದೇ ಗುಂಪಿನಲ್ಲಿ ಕ್ಲಿಂಟನ್ 17 ಅಂಶ ಮುಂದೆ! ಆದ್ದರಿಂದ ಒಂದು ವರ್ಷದ್ದನ್ನು ಇಲ್ಲಿಂದ, ಇನ್ನೊಂದು ವರ್ಷದ್ದನ್ನು ಅಲ್ಲಿಂದ ಎತ್ತಿ ಹೋಲಿಸಬೇಡಿ. ಮೇಲೆ ಒಂದೊಂದು ಹೋಲಿಕೆಯನ್ನೂ ಒಂದೇ ಮೂಲದಿಂದ ಮಾಡಿದ್ದು ಅದಕ್ಕೇ.

‘ನಮ್ಮ ಭಾರತೀಯರು’ ಎಂದಿರಲ್ಲ, ಆ ಎಳೆ ಹಿಡಿದರೆ ಇನ್ನೊಂದು ಗೊಂದಲ ಬಯಲಾಗುತ್ತದೆ. ಅಮೆರಿಕದ ಅಧ್ಯಯನ ಸಂಸ್ಥೆ ಕಾರ್ನೆಗಿ 2024ರ ಚುನಾವಣೆಗೆ ಮುಂಚೆ ಭಾರತೀಯ ಅಮೆರಿಕನ್ನರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹ್ಯಾರಿಸ್‌ಗೆ ಶೇ 61, ಟ್ರಂಪ್‌ಗೆ 32. 2020ರಲ್ಲಿ ಟ್ರಂಪ್‌ಗೆ ಇದ್ದದ್ದು 22. ನಲವತ್ತರೊಳಗಿನ ಗಂಡಸರಲ್ಲಿ ಟ್ರಂಪೇ ಕೊಂಚ ಮುಂದಿದ್ದರು. ಸಮೀಕ್ಷೆಯಲ್ಲಿ ಇದ್ದವರು ಒಟ್ಟು 714 ಜನ, ಆ ಮೊತ್ತಕ್ಕೆ ತಪ್ಪಿನ ಅಂದಾಜು (ಅಂಕಿ ಎಷ್ಟು ಆಚೀಚೆ ಆಗಬಹುದು ಎಂಬುದು) ಸುಮಾರು 3.7 ಅಂಶ. ಅದರೊಳಗಿನ ಉಪಗುಂಪಿನಲ್ಲಿ 150 ಜನ ಇದ್ದಾರೆಂದುಕೊಂಡರೆ ತಪ್ಪಿನ ಅಂದಾಜು 8ಕ್ಕೆ ಏರುತ್ತದೆ. ಆದ್ದರಿಂದ ಅಲ್ಲಿನ ನಾಲ್ಕೈದು ಅಂಶದ ಮುನ್ನಡೆಯನ್ನು ಹಿಡಿದು ಜಗಳಕ್ಕೆ ನಿಲ್ಲಬೇಡಿ. ‘ಕನ್ನಡಿಗರ ವೋಟು ಯಾರಿಗೆ’ ಎಂದು ಕೇಳಿದರಂತೂ ಆ 714ರಲ್ಲಿ ಸಿಗುವ ಕನ್ನಡಿಗರಿಂದ ಒಂದು ಶೇಕಡಾವಾರು ಅಂಕಿ ಕಟ್ಟುವುದೇ ಆಗದ ಮಾತು.

ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ಭಾವನ ವಾಟ್ಸ್‌ಆ್ಯಪ್ ಸಂದೇಶ ಆ ಜಾಗ ತುಂಬುವುದಿಲ್ಲ. ಮೊದಲು ಭಾವನಿಗೆ ವೋಟು ಇದೆಯೇ ಕೇಳಿ. ಎಚ್-1ಬಿ ವೀಸಾದವರಿಗೆ ಇಲ್ಲ, ಗ್ರೀನ್ ಕಾರ್ಡ್ ಇದ್ದವರಿಗೂ ಇಲ್ಲ. ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ ಐದು ವರ್ಷ ಕಳೆದ ಮೇಲೆ ಪೌರತ್ವಕ್ಕೆ ಅರ್ಜಿ, ಅದು ಮುಗಿದ ಮೇಲೆ ವೋಟು. ಉದ್ಯೋಗದ ಮೂಲಕ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಹಾಗಾಗಿ ವೋಟು ಇರುವ ಭಾರತೀಯರು ಎಂದರೆ ಬಹುತೇಕ ಬಹಳ ಹಿಂದೆ ಹೋದವರು ಮತ್ತು ಅಲ್ಲೇ ಹುಟ್ಟಿದ ಮಕ್ಕಳು. ವೀಸಾ ಬಗ್ಗೆ ಗ್ರೂಪಿನಲ್ಲಿ ಜೋರಾಗಿ ಮಾತಾಡುವವರು ಬೇರೆ, ಮತಗಟ್ಟೆಗೆ ಹೋಗುವವರು ಬೇರೆ.

ವೋಟು ಇದ್ದರೂ ಅದು ಯಾವ ರಾಜ್ಯದಲ್ಲಿದೆ ಎನ್ನುವುದೇ ಮುಖ್ಯ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಮತಗಳು, ಬಹುತೇಕ ರಾಜ್ಯಗಳಲ್ಲಿ ಗೆದ್ದವರಿಗೇ ಅಷ್ಟೂ ಸೇರುತ್ತವೆ. ಕ್ಯಾಲಿಫೋರ್ನಿಯಾದ ಎಲ್ಲ ಎಲೆಕ್ಟೋರಲ್ ಮತಗಳೂ ಹೇಗಿದ್ದರೂ ಡೆಮಾಕ್ರಟರ ಪಾಲು. ನ್ಯೂಜೆರ್ಸಿಯಲ್ಲಿ ಅವರ ಅಂತರ 2020ರ 16 ಅಂಶದಿಂದ 2024ರಲ್ಲಿ 6ಕ್ಕೆ ಇಳಿದರೂ ರಾಜ್ಯ ಕೈ ಬಿಟ್ಟಿಲ್ಲ. ಆದರೆ 2020ರಲ್ಲಿ ಜಾರ್ಜಿಯಾ ತೀರ್ಮಾನವಾದದ್ದು 11,779 ಮತಗಳಲ್ಲಿ. ಅಟ್ಲಾಂಟಾದ ಉತ್ತರಕ್ಕಿರುವ ಫೋರ್ಸೈತ್, ಗ್ವಿನೆಟ್ ಕೌಂಟಿಗಳಲ್ಲಿ ಭಾರತೀಯ ಕುಟುಂಬಗಳ ಬಡಾವಣೆಗಳಿವೆ. ಭಾವ ಪೌರತ್ವ ಪಡೆದು ಅಲ್ಲಿಗೆ ಮನೆ ಬದಲಿಸಿದರೆ ತಿಳಿಸಿ, ಆಗ ಅವರ ಅಭಿಪ್ರಾಯವನ್ನು ಎರಡೂ ಪಕ್ಷದವರು ಬಾಗಿಲಿಗೇ ಬಂದು ಕೇಳುತ್ತಾರೆ.