ನಿಂಬೆರಸಕ್ಕೂ ಪೆಗ್ ಲೆಕ್ಕ ಇರಲಿ

ಪರ್ವರಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದಾರೆ. ನಾನು ಪಣಜಿಯ ಬಾರ್ ಕೌಂಟರಿನ ಹಿಂದೆ ನಿಲ್ಲುವವನು ಅಂತ ಗೊತ್ತಾದ ಮೇಲೆ ಅವರು ಬಿಡಲಿಲ್ಲ. ಒಂದು ಭಾನುವಾರ ಫೋನ್ ಬಂತು. "ಅಣ್ಣಾರ, ಕಾಕ್‌ಟೇಲಿನ ಪೂರ್ತಿ ಸೆಟ್ ತರಿಸೀನ್ರೀ. ಆದ್ರ ಒಂದು ಸಲ ಬಂದ ರುಚಿ ಮತ್ತೊಂದು ಸಲ ಬರವಲ್ದು."

ಹೋಗಿ ನೋಡಿದೆ. ಶೇಕರ್, ಸ್ಟ್ರೇನರ್, ತಿರುಚಿದ ಉದ್ದ ಚಮಚ, ಇಕ್ಕಳ, ಎಲ್ಲ ಮರದ ಸ್ಟ್ಯಾಂಡಿನಲ್ಲಿ ನೀಟಾಗಿ ನಿಂತಿದ್ದವು. ಅವರು ಗೋಡಂಬಿ ಹಣ್ಣಿನ ಫೆನಿಯನ್ನು ಪೆಗ್ ಮೆಷರಿನಲ್ಲಿ ಒಂದು ಹನಿ ಚೆಲ್ಲದಂತೆ 60 ಮಿಲಿ ಅಳೆದರು. ಆಮೇಲೆ ನಿಂಬೆಹಣ್ಣು ಎತ್ತಿಕೊಂಡು ಕೈಯಲ್ಲೇ ಹಿಂಡಿದರು. ಸಕ್ಕರೆ ಪಾಕ ಬಾಟಲಿಯಿಂದ ನೇರವಾಗಿ, ಕಣ್ಣಳತೆ.

ಮನೆಯಲ್ಲಿ ಮಾಡುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೀಗೇ. ದುಡ್ಡು ಕೊಟ್ಟಿದ್ದು ಅಂತ ಮದ್ಯಕ್ಕೆ ಮಾತ್ರ ಅಳತೆ. ಲೆಕ್ಕ ನೋಡಿದರೆ ಉಲ್ಟಾ ಆಗಬೇಕು. 60 ಮಿಲಿ ಫೆನಿಯಲ್ಲಿ 5 ಮಿಲಿ ಜಾಸ್ತಿ ಬಿದ್ದರೆ ವ್ಯತ್ಯಾಸ ಶೇಕಡ 8ರಷ್ಟು. ಅದೇ 5 ಮಿಲಿ 20 ಮಿಲಿ ನಿಂಬೆರಸದಲ್ಲಿ ಜಾಸ್ತಿಯಾದರೆ ಶೇಕಡ 25. ನಾಲಿಗೆ ಮೊದಲನೆಯದನ್ನು ಕ್ಷಮಿಸುತ್ತದೆ, ಎರಡನೆಯದಕ್ಕೆ ಮುಖ ಕಿವುಚುತ್ತದೆ. 'ಅರ್ಧ ನಿಂಬೆಹಣ್ಣು' ಅನ್ನುವುದಂತೂ ಅಳತೆಯೇ ಅಲ್ಲ. ಮಾಪುಸಾ ಸಂತೆಯಲ್ಲಿ ಒಂದೇ ರಾಶಿಯಿಂದ ಆರಿಸಿದ ಹಣ್ಣುಗಳಲ್ಲೂ ಒಂದು ರಸ ಸುರಿಸುತ್ತದೆ, ಇನ್ನೊಂದು ಬರೀ ಸಿಪ್ಪೆ.

ಅದಕ್ಕೇ ನಾನು ಮೊದಲು ಕೊಳ್ಳಿ ಅನ್ನುವುದು ಸಣ್ಣ ಗೆರೆಗಳಿರುವ ಅಳತೆ. ನಮ್ಮ 30–60ರ ಪೆಗ್ ಮೆಷರ್ ಮದ್ಯಕ್ಕೆ ಸಾಕು, ರಸ-ಪಾಕಕ್ಕೆ ಸಾಲದು. ಒಳಗೆ 15, 20, 45ರ ಗೆರೆ ಇರುವ ಜಿಗರ್, ಅಂದರೆ ಬಾರಿನ ಅಳತೆ ಲೋಟ, ಸಿಕ್ಕರೆ ಒಳ್ಳೆಯದು. ಸಿಗಲಿಲ್ವಾ? ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ ತೊಳೆದಿಡಿ. 5, 10ರ ಗೆರೆ ಅದರಲ್ಲಿರುತ್ತದೆ. ಮೆಡಿಕಲ್ ಶಾಪಿನ ಸೂಜಿಯಿಲ್ಲದ 10 ಮಿಲಿ ಸಿರಿಂಜ್ ಇನ್ನೂ ನಿಖರ.

ಹೊಸ ಜಿಗರ್ ತಂದ ದಿನವೇ ಅಡುಗೆಮನೆಯ ಡಿಜಿಟಲ್ ತೂಕದ ಮೇಲೆ ನೀರು ಹಾಕಿ ನೋಡಿ. 30 ಮಿಲಿ ನೀರು 30 ಗ್ರಾಂ ತೂಗಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ಒಂದು, ಗೆರೆಯವರೆಗೆ ತುಂಬಿದರೆ 26 ಗ್ರಾಂ ಅಷ್ಟೇ ತೂಗುತ್ತಿತ್ತು. ಆರು ತಿಂಗಳು ನನ್ನ ಕೈಯನ್ನೇ ಬೈದುಕೊಂಡಿದ್ದೆ! ಆದರೆ ಈ ತೂಕದ ಲೆಕ್ಕ ನೀರಿಗೆ ಮಾತ್ರ. ಸಮತೂಕ ಸಕ್ಕರೆ-ನೀರಿನ ಪಾಕ 15 ಮಿಲಿಗೆ 18 ಗ್ರಾಂ ಮೇಲೇ ತೂಗುತ್ತದೆ.

ವಿದೇಶಿ ರೆಸಿಪಿಗಳು ಔನ್ಸಿನಲ್ಲಿರುತ್ತವೆ. ಅಮೆರಿಕದ ಒಂದು ಔನ್ಸ್ 29.57 ಮಿಲಿ, ಅಂದರೆ ನಮ್ಮ 30 ಮಿಲಿಯ ಸ್ಮಾಲ್ ಪೆಗ್ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಮುಕ್ಕಾಲು ಔನ್ಸ್ ಅಂದರೆ 22.5.

ಉಳಿದ ಸಾಮಾನು ಮನೆಯಲ್ಲೇ ಇವೆ. ಶೇಕರ್ ಬದಲು ಗಟ್ಟಿ ಮುಚ್ಚಳದ ಗಾಜಿನ ಬಾಟಲಿ ಆಗುತ್ತದೆ. ಉಪ್ಪಿನಕಾಯಿಯದ್ದು ಮಾತ್ರ ಬೇಡ, ಮುಚ್ಚಳದ ವಾಸನೆ ಏಳು ಜನ್ಮಕ್ಕೂ ಹೋಗಲ್ಲ. ಸೋಸಲು ಚಹಾದ ಜರಡಿ. ಪುದೀನ ಒತ್ತಲು ಲಟ್ಟಣಿಗೆಯ ತುದಿ, ಅದೂ ಮೆತ್ತಗೆ. ಜಜ್ಜಿದರೆ ಕಹಿ ಬಿಡುತ್ತದೆ. ಸೋಡಾವನ್ನು ಮಾತ್ರ ಯಾವತ್ತೂ ಮುಚ್ಚಿ ಅಲುಗಾಡಿಸಬೇಡಿ, ಮುಚ್ಚಳ ಸೀಲಿಂಗಿಗೆ ಹಾರುತ್ತದೆ.

ಅಳೆಯದೇ ಒಳಗೆ ಬರುವುದು ಐಸಿನ ನೀರು. ಹತ್ತು-ಹದಿನೈದು ಸೆಕೆಂಡ್ ಜೋರಾಗಿ ಅಲುಗಾಡಿಸಿದರೆ ಹಾಕಿದ್ದರ ಕಾಲು ಭಾಗಕ್ಕೂ ಜಾಸ್ತಿ ನೀರು ಸೇರುತ್ತದೆ. ಅದು ಬೇಕು ಕೂಡ. ಆದರೆ ಗೋವೆಯ ಸೆಖೆಯಲ್ಲಿ ಟ್ರೇ ಹೊರಗಿಟ್ಟು ಹರಟೆಗೆ ಕೂತರೆ ಐಸ್ ಆಗಲೇ ಬೆವರಿರುತ್ತದೆ. ಎಲ್ಲ ಅಳೆದಾದ ಮೇಲೆ ಕೊನೆಗೆ ಫ್ರೀಜರ್ ತೆಗೆಯಿರಿ.

ಇಲ್ಲಿನವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಸಿಗುವ ಉರಾಕ್ ಅದೇ ಗೋಡಂಬಿ ಹಣ್ಣಿನ ಮೊದಲ ಭಟ್ಟಿಯದು, ಫೆನಿಗಿಂತ ತುಂಬಾ ಮೆದು. ಅದರ ಲೆಕ್ಕದಲ್ಲೇ ಫೆನಿ ಸುರಿದರೆ ಸಂಜೆ ಬೇಗ ಮುಗಿಯುತ್ತದೆ.

ಆ ಭಾನುವಾರ 60 ಫೆನಿ, 20 ನಿಂಬೆ, 20 ಪಾಕ, ಎರಡು ಸಲ ಮಾಡಿಸಿದೆ. ಎರಡೂ ಗ್ಲಾಸ್ ಒಂದೇ ರುಚಿ. ನಿಂಬೆರಸ ಅಳೆದದ್ದು ಔಷಧಿ ಮುಚ್ಚಳದಲ್ಲಿ. ಈಗ ಅದರ ಮೇಲೆ ಮಾರ್ಕರಿನಲ್ಲಿ 'ನಿಂಬಿ' ಅಂತ ಬರೆದಿದೆ. ಮಕ್ಕಳ ಔಷಧಿಯದು ಬೇರೆ ಇರಬೇಕು ಅನ್ನುವುದು ಅವರ ಮನೆಯವರ ಷರತ್ತು.